ಚರ್ಚ್ ಹಾಲಿನ ಹಿಂದಿನ ಸಾಲು

ಕಳೆದ ತಿಂಗಳು ಹೈದರಾಬಾದಿನಿಂದ ಬರುತ್ತಿದ್ದ ನಾದಿನಿಯನ್ನು ಕರೆತರಲು ನಾನೂ ನಮ್ಮ ಯಜಮಾನರೂ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ವಿಮಾನ ಇಳಿಯುವುದನ್ನು ನೋಡಲೆಂದೇ ಬೇಲಿಯ ಪಕ್ಕ ಒಂದಷ್ಟು ಜನ ನಿಂತಿದ್ದರು, ಅವರ ನಡುವೆ ಕಡಲೆಕಾಯಿ ಮಾರುವವನೂ ಇದ್ದ. ವಿಮಾನ ಇಳಿದು, ತಿರುಗಿ, ಕಟ್ಟಡದ ಕಡೆಗೆ ಬರುವಾಗ ಅದರ ಎದುರು ಒಬ್ಬ ಮನುಷ್ಯ ಬಂದು ನಿಂತ. ಕಿವಿಗೆ ದಪ್ಪ ಮುಚ್ಚಳ. ಎರಡೂ ಕೈ ಮೇಲೆ. ಅಷ್ಟು ದೊಡ್ಡ ಸದ್ದಿನೆದುರು ಅವನು ಬಾಯಿ ತೆರೆಯಲಿಲ್ಲ. ಬಾ, ಬಾ, ಇನ್ನೂ ಸ್ವಲ್ಪ, ಸಾಕು, ನಿಲ್ಲು ಎಂದೆಲ್ಲ ಅವನ ಕೈಗಳೇ ಹೇಳಿದವು. ಗಾಳಿಯಲ್ಲಿ ಎಣ್ಣೆ ಸುಟ್ಟ ವಾಸನೆ ಬಂತು.

"ಅಪ್ಪ ಇದ್ದಿದ್ರೆ..." ಎಂದರು ಇವರು.

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಇಬ್ಬರ ಕಣ್ಣಿಗೂ ಕಟ್ಟಿದ್ದು ಭದ್ರಾವತಿಯ ನ್ಯೂ ಟೌನಿನ ಒಂದು ಚರ್ಚ್ ಹಾಲು, ಅದರ ಹೊರಗೆ ಗುಡುಗುಡು ಎನ್ನುತ್ತಿದ್ದ ಜನರೇಟರು, ಮತ್ತು ನಾವೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಕಳೆದ ಒಂದು ಮಳೆಗಾಲ.

ಎರಡು ಸಾವಿರದ ಇಸವಿ ಹತ್ತಿರವಾಗುತ್ತಿತ್ತು. ಹೊಸ ವರ್ಷದ ದಿನ ಲೋಕದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೆಟ್ಟು ನಿಲ್ಲುತ್ತವಂತೆ ಎಂದು, ಕಂಪ್ಯೂಟರನ್ನು ಕಣ್ಣಿಂದ ಕಾಣದವರೂ ಚಿಂತೆ ಮಾಡುತ್ತಿದ್ದ ಕಾಲ. ನಮ್ಮದು ನ್ಯೂ ಟೌನಿನ ಅಂಚಿನಲ್ಲಿದ್ದ ಸಾಲುಮನೆ. ಇವರು ಕಾರ್ಖಾನೆಯ ಆಫೀಸಿನಲ್ಲಿದ್ದರು. ಮಾವನವರು ಅದೇ ಕಾರ್ಖಾನೆಯ ಫೋರ್ಜ್ ಶಾಪಿನಲ್ಲಿ, ಕೆಂಪಗೆ ಕಾದ ಕಬ್ಬಿಣದ ಮೇಲೆ ದೈತ್ಯ ಹ್ಯಾಮರು ಬೀಳುವ ಜಾಗದಲ್ಲಿ, ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಆ ಹ್ಯಾಮರು ಅವರ ಕಿವಿಯನ್ನು ತನ್ನಲ್ಲೇ ಇಟ್ಟುಕೊಂಡು ಅವರನ್ನು ಮನೆಗೆ ಕಳಿಸಿತ್ತು. ಹತ್ತಿರ ಹೋಗಿ ಕೂಗಿದರೆ ಅರ್ಧ ಕೇಳುತ್ತಿತ್ತು, ಉಳಿದರ್ಧವನ್ನು ಅವರು ಕೇಳಿದಂತೆ ತಲೆಯಾಡಿಸಿ ಮುಗಿಸುತ್ತಿದ್ದರು. ಮೊದಲು ಆಂಜನೇಯನ ಗುಡಿಯ ಶನಿವಾರದ ಭಜನೆಯಲ್ಲಿ ತಾಳ ಹಾಕುತ್ತಿದ್ದರು. ತಾಳ ತಪ್ಪಲು ಶುರುವಾದ ಮೇಲೆ ಮಂಡಳಿಯವರು, "ನೀವು ಹಿರಿಯರು, ಆರಾಮಾಗಿ ಕೂತ್ಕೊಳಿ" ಎಂದು ಉಪಾಯವಾಗಿ ಅವರ ಕೈಯಿಂದ ತಾಳ ತೆಗೆದುಕೊಂಡರು. ಅಂದು ಮನೆಗೆ ಬಂದವರು ಬಹಳ ಹೊತ್ತು ಕೈ ತೊಳೆಯುತ್ತಿದ್ದುದನ್ನು ನಾನು ನೋಡಿದ್ದೆ. ಆಮೇಲೆ ಅವರ ಮಾತು ಇನ್ನೂ ಕಡಿಮೆಯಾಯಿತು.

ಆಷಾಢದ ಒಂದು ಬೆಳಿಗ್ಗೆ ಪೇಪರಿನೊಳಗಿಂದ ಗುಲಾಬಿ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. ಪ್ರತಿ ಶನಿವಾರ ಸಂಜೆ ಚರ್ಚಿನ ಹಾಲಿನಲ್ಲಿ ಸಭೆ. ವಿಷಯ, ಸಮುದಾಯ, ಸಂಸ್ಕೃತಿ ಮತ್ತು ತಂತ್ರಜ್ಞಾನ. ಎಲ್ಲರಿಗೂ ಆದರದ ಸ್ವಾಗತ.

ಪಕ್ಕದ ಮನೆಯ ಸರೋಜಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಕಾಗದದ ಒಳಗೆ ಇನ್ನೇನೋ ಬರೆದಿರಬಹುದು ಎಂಬಂತೆ. ಅವರ ಯಜಮಾನರು ಶ್ರೀಕಂಠಯ್ಯ ಭಜನಾ ಮಂಡಳಿಯ ಕಾರ್ಯದರ್ಶಿ.

"ಎಲ್ಲರಿಗೂ ಅಂದ್ರೆ ಯಾರಿಗೆ ಹೇಳು ಮಾರಾಯ್ತಿ? ಅವರ ಜನಕ್ಕೆ ಅವರು ಪೂಜೇಲೇ ಹೇಳ್ತಾರಪ್ಪ. ಈ ಕಾಗದ ನಮಗೇ" ಎಂದರು.

ನಾನು ನಕ್ಕೆ. ಆದರೆ ನನಗೂ ಅನುಮಾನ ಬಾರದೆ ಇರಲಿಲ್ಲ. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನನ್ನನ್ನು ಮತಾಂತರ ಮಾಡಲಿಲ್ಲ, ಕೆಟ್ಟದ್ದನ್ನೂ ಮಾಡಲಿಲ್ಲ. ಆದರೆ ಅವರು ಜಾಸ್ತಿ ಸಿಹಿಯಾಗಿ ಮಾತಾಡಿದ ದಿನ ಸಂಜೆ ಏನಾದರೂ ಕೆಲಸ ಕಾದಿರುತ್ತಿತ್ತು. ಬಣ್ಣದ ಕಾಗದ ಕತ್ತರಿಸುವುದೋ, ಲಾಟರಿಯಂಥ ರಾಫಲ್ ಟಿಕೆಟ್ ಮಾರುವುದೋ ಏನೋ ಒಂದು. 'ಆದರದ' ಎಂಬ ಮಾತು ಕಂಡರೆ ಅದರ ಹಿಂದೆ ಕತ್ತರಿ ಎಲ್ಲಿದೆ ಎಂದು ಹುಡುಕುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದದ್ದು.

ಮುಂದಿನ ಶನಿವಾರ ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಹಿಡಿದು ಹೊರಟರು. ಗುಡಿಯ ಕಡೆಗಲ್ಲ. ಅದರ ಮುಂದಿನ ಶನಿವಾರವೂ ಹಾಗೇ.

"ಎಲ್ಲಿಗೆ?" ಎಂದು ಅತ್ತೆ ಅವರ ಬೆನ್ನಿಗೆ ಕೂಗಿದರು. ಅವರು ನಡೆದೇ ಇದ್ದರು. ಎದುರು ಹೋಗಿ ನಿಂತು ಕೂಗಿದರು.

"ಚರ್ಚಿಗೆ. ಕಂಪ್ಯೂಟರ್ ಭಾಷಣ!" ಎಂದರು ಮಾವನವರು, ಕಿವಿ ಕೇಳದವರ ಎತ್ತರದ ದನಿಯಲ್ಲಿ. ಇಡೀ ಸಾಲಿಗೆ ಕೇಳಿಸಿತು.

ಮೂರು ಹೊತ್ತೂ ನಮ್ಮನ್ನು ಕೊರೆದದ್ದು ಒಂದೇ ಪ್ರಶ್ನೆ. ಕಿವಿ ಕೇಳದ ಮನುಷ್ಯ ಭಾಷಣಕ್ಕೆ ಯಾಕೆ ಹೋಗುತ್ತಾರೆ?

ಇನ್ನೊಂದು ಸಂಗತಿ ಅತ್ತೆಯ ಕಣ್ಣಿಗೇ ಮೊದಲು ಬಿತ್ತು. ಶನಿವಾರ ಮಧ್ಯಾಹ್ನ ಮಾವನವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಉಗುರು ಕತ್ತರಿಸುತ್ತಿದ್ದರು. ನಿಂಬೆಹೋಳಿನಿಂದ ಬೆರಳುಗಳನ್ನು ಉಜ್ಜಿ, ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಶನಿವಾರ ಉಗುರು ತೆಗೀತಾರೆ ಕಣೇ ಶೈಲಾ! ಇಷ್ಟು ವರ್ಷದಲ್ಲಿ ಒಂದು ಸಲ ಮಾಡಿದವರಲ್ಲ. ಇನ್ನೇನು ಉಳೀತು?"

ಅತ್ತೆಯ ನೋಟ ಆಮೇಲೆ ನನ್ನ ಕಡೆಗೂ ತಿರುಗಿತು. ಕಾನ್ವೆಂಟಿನ ಸೊಸೆ ಮನೆಯಲ್ಲಿರುವಾಗ ಮಾವ ಚರ್ಚಿನ ದಾರಿ ಹಿಡಿದರೆ ಜನ ಎರಡನ್ನೂ ಕೂಡಿಸಿ ನೋಡದೆ ಇರುತ್ತಾರೆಯೇ? ನಾನು ಹಾಲಿಗೆ ಸಕ್ಕರೆ ಹಾಕುವಾಗಲೂ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಶ್ರಾವಣ ಬಂತು. ಒಂದು ಶನಿವಾರ ಸರೋಜಮ್ಮ ಕೆಂಪು ರಸ್ತೆಯ ನೀರನ್ನೆಲ್ಲ ಸೀರೆಯಂಚಿಗೆ ಹೊಡೆಸಿಕೊಂಡು ಅತ್ತೆಯ ಬಳಿಗೆ ಓಡಿ ಬಂದರು. ಚರ್ಚಿನ ಕಾಂಪೌಂಡಿನ ಆಚೆಯಿಂದ ಹಾಲಿನ ಕಿಟಕಿಯೊಳಗೆ ನೋಡಿದ್ದರಂತೆ.

"ಕೈ ಎತ್ತಿ ಎತ್ತಿ ಏನೋ ಮಾಡ್ತಿದಾರೆ ಕಣ್ರೀ! ನಿಮ್ಮ ಯಜಮಾನ್ರೇ. ಎರಡೂ ಕೈ ಮೇಲೆ. ಟಿವೀಲಿ ಅವರ ಪ್ರಾರ್ಥನೆ ತೋರಿಸ್ತಾರಲ್ಲ, ಹಾಗೆ. ಪಕ್ಕದಲ್ಲಿ ಆ ಅಂತೋಣಿ."

ಅಂತೋಣಿ ಮಾವನವರ ಜೊತೆ ಫೋರ್ಜ್ ಶಾಪಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ತಮಿಳು ಕ್ರೈಸ್ತರು. ಅತ್ತೆ ಮೊರವನ್ನು ಕೆಳಗಿಟ್ಟರು. ಅಕ್ಕಿಯೆಲ್ಲ ಒಂದು ಕಡೆಗೆ ಜಾರಿತು.

ಮರುದಿನ ಶ್ರೀಕಂಠಯ್ಯನವರೇ ಮನೆಗೆ ಬಂದರು. ಕಾಫಿ ಕುಡಿದು, ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ, ಇವರ ಕಡೆ ನೋಡದೆ ಮಾತಾಡಿದರು. ಪ್ರತಿ ವರ್ಷ ಮಂಡಳಿಯ ಗಣಪತಿ ಹಬ್ಬದಲ್ಲಿ ಒಂದು ಹಿರಿಯ ದಂಪತಿಯನ್ನು ಪೂಜೆಯ ಸಂಕಲ್ಪಕ್ಕೆ ಕೂರಿಸುವುದು ವಾಡಿಕೆ. ಈ ವರ್ಷ ಅದು ನಮ್ಮ ಅತ್ತೆ ಮಾವನವರ ಪಾಲಿಗೆ ಬಂದಿತ್ತು. ಅತ್ತೆ ಅದಕ್ಕೆಂದೇ ತಮ್ಮ ಬದನೆಕಾಯಿ ಬಣ್ಣದ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೆರಳಲ್ಲಿ ಹರವಿ ಇಟ್ಟಿದ್ದರು.

"ನಾನೇನೂ ಹೇಳಲ್ಲಪ್ಪ ಪ್ರಕಾಶ. ಜನ ಕೇಳ್ತಾರೆ. ಶನಿವಾರ ಅಲ್ಲಿ ಕೈ ಎತ್ತಿದವರು, ಚೌತಿ ದಿನ ಇಲ್ಲಿ ಕೈ ಮುಗಿದ್ರೆ ಹೇಗೆ ಅಂತ. ನೀವೇ ಒಂದು ತೀರ್ಮಾನ ಮಾಡ್ಕೊಳಿ."

ಅವರು ಹೋದ ಮೇಲೆ ಇವರ ಮುಖ ಕೆಂಪಾಯಿತು. "ಮುಂದಿನ ವಾರದಿಂದ ಅಪ್ಪ ಹೋಗೋದು ಬೇಡ. ಕೊಡೆ ಎತ್ತಿಡು ಶೈಲಾ."

"ತಡಿಯೋ" ಎಂದರು ಅತ್ತೆ. ಒಳಕೋಣೆಯಲ್ಲಿ ಹರವಿದ್ದ ಸೀರೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ನಿನಗೆ ಅವರ ರೀತಿ ರಿವಾಜು ಗೊತ್ತು. ಪ್ರಾರ್ಥನೆ ಯಾವುದು, ಭಾಷಣ ಯಾವುದು ಅಂತ ನೋಡಿದ್ರೆ ತಿಳಿಯುತ್ತೆ. ಶನಿವಾರ ಹೋಗಿ ನೋಡಿ ಬಾ. ಪ್ರಾರ್ಥನೆ ಅಂತ ನೀನು ಹೇಳಿದ್ರೆ ನಾನೇ ಅವರನ್ನ ನಿಲ್ಲಿಸ್ತೀನಿ. ಆದ್ರೆ ಸುಳ್ಳು ಹೇಳ್ಬೇಡ, ಅವರ ಪರವಾಗೂ ಬೇಡ, ನನ್ನ ಪರವಾಗೂ ಬೇಡ."

ಶನಿವಾರ ಮಾವನವರು ಹೋದ ಸ್ವಲ್ಪ ಹೊತ್ತಿಗೆ ನಾನೂ ಹೊರಟೆ. ಜಿಟಿಜಿಟಿ ಮಳೆ. ದಾರಿಯಲ್ಲೇ ಕರೆಂಟು ಹೋಯಿತು. ಆ ವರ್ಷ ಸಂಜೆಯಾದರೆ ಹೋಗುತ್ತಿದ್ದದ್ದೇ. ಮನೆಮನೆಯಲ್ಲೂ ಸೀಮೆಎಣ್ಣೆ ಬುಡ್ಡಿ ಹೊತ್ತಿಕೊಂಡಿತು. ಚರ್ಚ್ ಹಾಲೊಂದೇ ಮದುವೆಮನೆಯಂತೆ ಬೆಳಗುತ್ತಿತ್ತು. ಹೊರಗೆ ಜನರೇಟರು, ಡೀಸೆಲ್ ಹೊಗೆ. ಒಳಗೆ ಸಾಲುಸಾಲು ಟ್ಯೂಬ್‌ಲೈಟು.

ಅನುಮಾನದ ಕಣ್ಣಿಗೆ ಏನೇನು ಬೇಕೋ ಅದನ್ನೆಲ್ಲ ಹುಡುಕಿದೆ. ಗೋಡೆಯಲ್ಲಿ ಒಂದು ಶಿಲುಬೆ ಇತ್ತು, ಚರ್ಚಿನ ಹಾಲಿನಲ್ಲಿ ಇನ್ನೇನಿರುತ್ತದೆ? ಹಾಡಿನ ಪುಸ್ತಕವಿರಲಿಲ್ಲ. ತೀರ್ಥದ ಬಟ್ಟಲಿರಲಿಲ್ಲ. ವೇದಿಕೆಯ ಮೇಲೆ ಸೀರೆ ಹೊದಿಸಿದಂತೆ ಪ್ಲಾಸ್ಟಿಕ್ ಹೊದಿಸಿಟ್ಟ ಒಂದು ಕಂಪ್ಯೂಟರು. ಅದರ ಪಕ್ಕ ಕಾಲೇಜಿನ ಮೇಷ್ಟರೊಬ್ಬರು, ಇಂಟರ್‌ನೆಟ್ ಬಂದರೆ ಅಡಿಕೆಯ ರೇಟನ್ನು ಮನೆಯಲ್ಲೇ ಕೂತು ನೋಡಬಹುದು ಎನ್ನುತ್ತಿದ್ದರು. "ಮಂಡಿಯವನು ಅದರಲ್ಲೂ ಸುಳ್ಳು ಹೇಳ್ತಾನೆ ಬಿಡಿ ಸಾರ್" ಎಂದು ಆಯನೂರಿನ ಕಡೆಯವರೊಬ್ಬರು ಅಂದದ್ದಕ್ಕೆ ಸಭೆಯೆಲ್ಲ ನಕ್ಕಿತು. ಮಂಗಳೂರು ಕಡೆಯ ತರುಣ ಫಾದರೂ ನಕ್ಕರು.

ಹಿಂದಿನ ಸಾಲು ಮಾತ್ರ ನಗಲಿಲ್ಲ. ಅಲ್ಲಿ ಮಾವನವರು, ಅಂತೋಣಿ, ಇನ್ನು ಮೂವರು ಮುದುಕರು ವೇದಿಕೆಗೆ ಅರ್ಧ ಬೆನ್ನು ಹಾಕಿ ದುಂಡಗೆ ಕೂತಿದ್ದರು. ಅವರ ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಮಾವನವರು ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿ, ಥಟ್ಟನೆ ಮುಷ್ಟಿ ಕಟ್ಟಿ ಮೊಣಕಾಲಿಗೆ ಇಳಿಸಿದರು. ಅಂತೋಣಿ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ಇನ್ನೊಬ್ಬರು ಕಿವಿಯ ತುದಿ ಹಿಡಿದು ಫಾದರ್ ಕಡೆ ಕಣ್ಣು ಹೊರಳಿಸಿದರು. ಎಲ್ಲರ ಕೈಗಳೂ ಮಡಿಲಿಗೆ ಬಂದು ಪರಮಸಾಧುವಾದವು.

ನಾನು ಓದಿದ ಶಾಲೆಯ ಯಾವ ಪ್ರಾರ್ಥನೆಯಲ್ಲೂ ಇಷ್ಟು ತಮಾಷೆ ಇರಲಿಲ್ಲ.

"ಏನಮ್ಮಾ, ನಿಮ್ಮ ಮಾವನ್ನ ನೋಡಕ್ಕೆ ಬಂದ್ರಾ?" ಪಕ್ಕದಲ್ಲಿ ಕೂತವರು ಸ್ಟೆಲ್ಲಾ, ಅಂತೋಣಿಯ ಹೆಂಡತಿ. "ಅದು ಹ್ಯಾಮರ್ ಕೆಳಗಿನ ಮಾತು. ಆ ಸದ್ದಲ್ಲಿ ಬಾಯಿಂದ ಮಾತಾಡಿದ್ರೆ ಯಾರಿಗೆ ಕೇಳುತ್ತೆ? ಕ್ರೇನ್ ಮೇಲಿಂದ ನಮ್ಮವರು, ಕೆಳಗಿಂದ ನಿಮ್ಮ ಮಾವ, ಎಲ್ಲಾ ಕೈಯಲ್ಲೇ. ಕಿವಿ ಹಿಡಿದ್ರೆ ಫೋರ್‌ಮನ್ ಬಂದ ಅಂತ. ಯಾವ ಕಾಲದಲ್ಲೋ ಒಬ್ಬ ಫೋರ್‌ಮನ್ ಕಿವಿಗೆ ಒಂಟಿ ಹಾಕ್ತಿದ್ನಂತೆ. ಅವನು ಸತ್ತ, ಈಗ ಪಾಪ ಫಾದರ್‌ಗೆ ಅದೇ ಹೆಸರು."

"ಇಲ್ಲೇ ಯಾಕೆ ಬರ್ತಾರೆ?"

ಸ್ಟೆಲ್ಲಾ ನನ್ನನ್ನು ವಿಚಿತ್ರವಾಗಿ ನೋಡಿದರು. "ಇನ್ನೆಲ್ಲಿ ಹೋಗ್ತಾರೆ? ಹೋಟ್ಲಲ್ಲಿ ಹುಡುಗರು ನೋಡಿ ನಗ್ತಾರೆ. ಸಂಜೆ ಆದ್ರೆ ಮನೇಲಿ ಕರೆಂಟಿಲ್ಲ. ಕೈ ಕಾಣಬೇಕಲ್ಲಮ್ಮಾ, ಬೆಳಕಿಲ್ದೆ ಇದ್ರೆ ಇವರಿಗೆ ಬಾಯೇ ಇಲ್ಲ. ಇಲ್ಲಿ ಜನರೇಟರ್ ಇದೆ. ಭಾಷಣ ನಡೀತಾ ಇರುತ್ತೆ, ಬೇರೆ ಯಾರೂ ಮಾತಾಡೋ ಹಂಗಿಲ್ಲ. ಇವರಿಗೆ ಮಾತ್ರ ಪರ್ಮಿಶನ್!"

ನಿಂಬೆಹೋಳು, ಕತ್ತರಿಸಿದ ಉಗುರು ಎರಡೂ ನನ್ನ ಕಣ್ಣ ಮುಂದೆ ಬಂದವು. ಹೊರಗೆ ಹೋಗುವಾಗ ನಾವು ಮುಖ ತೊಳೆದುಕೊಳ್ಳುವುದಿಲ್ಲವೇ, ಹಾಗೆ.

ಸ್ಟೆಲ್ಲಾ ನನಗೆ ಒಂದಷ್ಟು ಹೇಳಿಕೊಟ್ಟರು. ಈಗ ಮಾವನವರು ಮನೆಯ ಸುದ್ದಿ ಹೇಳುತ್ತಿದ್ದರು. ಬೆರಳುಗಳಿಂದ ಬಾಯಿ ಮುಚ್ಚಿದರೆ ಅದು ನಾನು. ನಗುವಾಗ ನಾನು ಸೆರಗು ಬಾಯಿಗೆ ಹಿಡಿಯುತ್ತೇನಂತೆ, ನನಗೇ ಗೊತ್ತಿರಲಿಲ್ಲ. ಅಂದು ಬೆಳಿಗ್ಗೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದದ್ದು, ಅವರು ಸುಮ್ಮನೆ ತಿಂದು ಎದ್ದದ್ದು, ಎಲ್ಲ ಅಲ್ಲಿ ವರದಿಯಾಗುತ್ತಿತ್ತು. ಅತ್ತೆಗೂ ಒಂದು ಸನ್ನೆಯಿತ್ತು. ಎರಡೂ ಅಂಗೈಗಳನ್ನು ಬಾಯಿಯ ಹತ್ತಿರ ತಂದು ಹೂವಿನಂತೆ ಅಗಲವಾಗಿ ಬಿಚ್ಚುವುದು. ಅದೇನೆಂದು ಕೇಳಿದೆ. ಸ್ಟೆಲ್ಲಾ ನಕ್ಕು ನನ್ನ ಕಿವಿಯಲ್ಲಿ ಹೇಳಿದರು. "ಶಿಫ್ಟ್ ಬದಲಾಗೋವಾಗ ಊರಿಗೆಲ್ಲ ಕೇಳೋ ಕಾರ್ಖಾನೆ ಸೈರನ್."

ನಮ್ಮ ಮನೆಯ ಮೂಲೆಯಲ್ಲಿ ಗೋಡೆ ನೋಡುತ್ತ ಕೂರುವ ಮನುಷ್ಯ ಇಷ್ಟು ವಾಚಾಳಿ ಎಂದು ಯಾರಿಗೆ ಗೊತ್ತಿತ್ತು?

"ನಮ್ಮ ಚರ್ಚಿನವರಿಗೂ ನಿಮ್ಮ ಮೇಲೆ ಡೌಟಮ್ಮಾ" ಎಂದರು ಸ್ಟೆಲ್ಲಾ, ದನಿ ತಗ್ಗಿಸಿ. "ಆ ಗುಡಿಯವರು ಏನು ನಡೀತಿದೆ ನೋಡ್ಕೊಂಡು ಬಾ ಅಂತ ಯಾರನ್ನೋ ಕಳಿಸ್ತಾರೆ ಅಂತ ಹೇಳ್ತಿದ್ರು."

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನನ್ನ ಕಾಲಬೆರಳುಗಳನ್ನು ನೋಡಿಕೊಂಡೆ.

ಸಭೆ ಮುಗಿದ ಮೇಲೆ ಫಾದರ್ ಬಳಿಗೆ ಹೋಗಿ ಹಿಂದಿನ ಸಾಲಿನವರ ಬಗ್ಗೆ ಕೇಳಿದೆ. ಅವರು ಪುಸ್ತಕದ ಕನ್ನಡದಲ್ಲಿ, "ಅವರು ಒಂದು ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತುಂಟು. ಆದರೆ ಎಷ್ಟು ಜನ ಬಂದರು ಎಂದು ಮೇಲಿನಿಂದ ಕೇಳುತ್ತಾರೆ ನೋಡಿ. ಮಳೆಗೆ ಬೇರೆ ಯಾರು ತಪ್ಪದೆ ಬರುತ್ತಾರೆ?" ಎಂದರು. ಆ ಉತ್ತರ ನನಗೆ ಹಿಡಿಸಿತು. ಪುಣ್ಯದ ಮಾತು ಆಡಿದ್ದರೆ ನಂಬುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಕಾನ್ವೆಂಟಿನವಳು ಎಂದು ತಿಳಿದದ್ದೇ ತಡ, "ನೀವು ಭಾನುವಾರ ನಮ್ಮ ಮಕ್ಕಳಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡಬಹುದಲ್ಲ?" ಎಂದರು, ಬಹಳ ಸಿಹಿಯಾಗಿ. ಇಗೋ, ಬಂತು ಕತ್ತರಿ ಎಂದುಕೊಂಡೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ನಮಸ್ಕಾರ ಮಾಡಿ ಬಂದೆ. ಆ ಸಭೆಗಳಿಂದ ಅವರಿಗೆ ನಿಜವಾಗಿ ಏನು ಬೇಕಿತ್ತು ಎಂಬುದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಮನೆಯಲ್ಲಿ ಅತ್ತೆಗೆ ಕಂಡದ್ದನ್ನೆಲ್ಲ ಹೇಳಿದೆ, ಸೈರನ್ ಒಂದನ್ನು ಬಿಟ್ಟು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಬಿಗಿಯಿತು.

"ಪ್ರಾರ್ಥನೆ ಆಗಿದ್ರೇ ವಾಸಿ ಇತ್ತು" ಎಂದರು. "ನನ್ನ ಹತ್ರ ಹೂಂ, ಉಹೂಂ ಬಿಟ್ರೆ ಇನ್ನೊಂದಿಲ್ಲ. ಅಲ್ಲಿ ಹೋಗಿ ಕಥೆ ಹೇಳ್ತಾರಾ? ನಂಬಲ್ಲ ನಾನು. ಕಣ್ಣಾರೆ ನೋಡ್ಬೇಕು."

"ಅತ್ತೆ, ಗಣಪತಿ ಹಬ್ಬ ಮುಗೀಲಿ. ಈಗ ನೀವೂ ಅಲ್ಲಿ ಕಾಣಿಸ್ಕೊಂಡ್ರೆ ಪೂಜೆ ಕೈತಪ್ಪುತ್ತೆ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಶನಿವಾರ ಸಂಜೆ ಒಳಕೋಣೆಯಿಂದ ಹೊರಬಂದಾಗ ಅವರ ಮೈಮೇಲಿದ್ದದ್ದು ಅದೇ ಬದನೆಕಾಯಿ ಬಣ್ಣದ ಸೀರೆ. ಹಣೆಯಲ್ಲಿ ಕಾಸಿನಗಲ ಕುಂಕುಮ.

"ಅಮ್ಮಾ, ಇದನ್ನ ಉಟ್ಕೊಂಡು..." ಎಂದರು ಇವರು.

"ಕದ್ದು ಹೋಗ್ತೀನಾ ನಾನು? ಎಲ್ಲರೂ ನೋಡ್ಲಿ."

ಎಲ್ಲರೂ ನೋಡಿದರು. ಸರೋಜಮ್ಮನ ಮನೆಯ ಕಿಟಕಿಯ ಪರದೆ ಅಲುಗಿತು. ಹಾಲಿನೊಳಗೆ ನಮ್ಮನ್ನು ಕಂಡು ಮುಂದಿನ ಸಾಲುಗಳೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದವು. ಅತ್ತೆ ಯಾರ ಕಡೆಗೂ ಗಮನ ಕೊಡಲಿಲ್ಲ. ಒಂದು ಕುರ್ಚಿ ಎಳೆದು, ಅದನ್ನು ಪೂರ್ತಿ ತಿರುಗಿಸಿ, ವೇದಿಕೆಗೂ ಶಿಲುಬೆಗೂ ಕಂಪ್ಯೂಟರಿಗೂ ಒಟ್ಟಿಗೆ ಬೆನ್ನು ಹಾಕಿ, ಹಿಂದಿನ ಸಾಲಿಗೆ ಮುಖ ಮಾಡಿ ಕೂತರು.

ಮಾವನವರ ಕೈಗಳು ಗಾಳಿಯಲ್ಲೇ ನಿಂತು, ಮೆಲ್ಲಗೆ ಮಡಿಲಿಗೆ ಇಳಿದವು. ಐದೂ ಮುದುಕರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗರಂತೆ ಕೂತರು. ವೇದಿಕೆಯಲ್ಲಿ ಭಾಷಣ ನಡೆದೇ ಇತ್ತು.

ಅತ್ತೆ ಕಾದರು. ಆಮೇಲೆ ಬಲಗೈ ಎತ್ತಿ ಮಣಿಕಟ್ಟು ತಿರುಗಿಸಿದರು. ಹಿತ್ತಲ ಬೇಲಿಯಿಂದ ಬೇಲಿಗೆ ನಾವೆಲ್ಲ ಕೇಳುವುದಿಲ್ಲವೇ, ಏನು, ಏನಂತೆ ಎಂದು, ಅದೇ ಸನ್ನೆ.

ಮಾವನವರು ಅವರನ್ನು ನೋಡಿದರು. ಒಂದು ಬೆರಳು ಎತ್ತಿ ಅತ್ತೆಯ ಕಡೆ ತೋರಿಸಿದರು. ತಮ್ಮ ಹೆಗಲಿನಿಂದ ಎದೆಯ ಮೇಲೆ ಅಡ್ಡಲಾಗಿ ಸೆರಗಿನ ಅಂಚು ಎಳೆದರು. ಆಮೇಲೆ ಹೆಬ್ಬೆರಳು, ತೋರುಬೆರಳು ಕೂಡಿಸಿ ಹಿಡಿದರು. ಸೀರೆ ಚೆನ್ನಾಗಿದೆ.

ಇದನ್ನು ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ಅತ್ತೆ ಸೆರಗನ್ನು ಎಳೆದು ಹೊದ್ದುಕೊಂಡರು. "ಬುದ್ಧಿ ಇಲ್ಲ, ಇಷ್ಟು ಜನರ ಮುಂದೆ" ಎಂದು ನನಗೆ ಮಾತ್ರ ಕೇಳುವಂತೆ ಗೊಣಗಿದರು. ಕುರ್ಚಿಯನ್ನು ಮಾತ್ರ ಸಭೆ ಮುಗಿಯುವವರೆಗೂ ತಿರುಗಿಸಲಿಲ್ಲ.

ಹೊರಗೆ ಗೇಟಿನ ಹತ್ತಿರ ಶ್ರೀಕಂಠಯ್ಯ ಕೊಡೆ ಹಿಡಿದು ನಿಂತಿದ್ದರು. "ಏನಮ್ಮಾ, ಈಗ ನೀವೂನಾ?"

"ಹೂಂನಪ್ಪ, ನಾನೂ. ಅವರ ಕೈಯಿಂದ ತಾಳ ಕಿತ್ಕೊಂಡ್ರಲ್ಲ, ಆಮೇಲೆ ಒಂದು ದಿನ ಯಾರಾದ್ರೂ ಮನೆಗೆ ಬಂದು ಹೇಗಿದೀರಾ ಅಂದ್ರಾ? ಈಗ ಎಲ್ಲಿಗೆ ಹೋಗ್ತಾರೆ ಅಂತ ಕಾಯ್ತೀರಿ. ಪೂಜೆಗೆ ಬೇರೆಯವರನ್ನ ಕೂರಿಸ್ಕೊಳಿ. ಸೀರೆ ಉಟ್ಟಾಯ್ತು ನಂದು."

ಅವರು ಹಾಗೇ ಮಾಡಿದರು. ಆ ವರ್ಷ ಬೇರೆ ದಂಪತಿ ಕೂತರು. ಪೂಜೆಯ ಹೊತ್ತಿಗೆ ಅತ್ತೆ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದರು. ಅವರ ಕಣ್ಣು ಪೂಜೆಗೆ ಕೂತವರ ಮೇಲೆಯೇ ಇದ್ದದ್ದನ್ನು ನಾನು ನೋಡಿದೆ. ಸಂಕಲ್ಪ ಮಾಡುವಾಗ ಗಂಡನ ಕೈಗೆ ಕೈ ತಾಗಿಸುವ ಆ ಗಳಿಗೆಯಲ್ಲಿ ಅತ್ತೆ ತಮ್ಮ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡರು, ಮತ್ತೆ ಮುಂದಕ್ಕೆ ತಂದರು. ಅವರಿಗೆ ಬೇಸರವಾಗಲಿಲ್ಲ ಎಂದು ನಾನು ಬರೆಯಲಾರೆ.

ಕ್ರಿಸ್‌ಮಸ್ ಕಳೆದದ್ದೇ ಆ ಫಾದರಿಗೆ ವರ್ಗವಾಯಿತು. ಹೊಸ ವರ್ಷದ ದಿನ ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ನಿಂತದ್ದು ಶನಿವಾರದ ಸಭೆ. ಜನರೇಟರನ್ನು ಯಾರೋ ಲಾರಿಗೆ ಹಾಕಿಕೊಂಡು ಹೋದರು. ಮಾವನವರು ಮತ್ತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರು.

ಎರಡು ಶನಿವಾರ ಅತ್ತೆ ಅದನ್ನು ನೋಡಿದರು. ಮೂರನೆಯದಕ್ಕೆ ನನ್ನನ್ನು ಕರೆದರು. "ಆ ಸ್ಟೆಲ್ಲಾಗೆ ಹೇಳಿ ಕಳಿಸು. ಐದು ಜನಕ್ಕೆ ಎಷ್ಟು ಜಾಗ ಬೇಕು? ನಮ್ಮ ಜಗಲಿ ಸಾಕು."

ಬಂದರು. ಅಂತೋಣಿ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದರು. ಎಂದಿನಂತೆ ಕರೆಂಟು ಹೋಯಿತು. ಮನೆಯಲ್ಲಿದ್ದ ದೊಡ್ಡ ಲಾಟೀನನ್ನು ನೆಲದ ಮೇಲಿಟ್ಟರೆ ಕೈಗಳ ನೆರಳೇ ಗೋಡೆ ತುಂಬ ಆಡಿತು, ಬೆರಳು ಕಾಣಲಿಲ್ಲ. ಅತ್ತೆ ಲಾಟೀನನ್ನು ಎತ್ತಿ ಹಿಡಿದು ಅವರ ನಡುವೆ ನಿಂತುಕೊಂಡರು. ಪಕ್ಕದ ಕಿಟಕಿಯಲ್ಲಿ ಸರೋಜಮ್ಮನ ಪರದೆ ಸರಿಯಿತು. ಈಗ ಕ್ರಿಸ್ತಾನರು ಶನಿವಾರ ಶನಿವಾರ ಇವರ ಮನೆಯಲ್ಲೇ ಏನು ನಡೆಸುತ್ತಾರೆ ಎಂದು ನೋಡಬೇಕಲ್ಲ.

"ಕೈ ಸೋತು ಹೋಯ್ತು ನಂದು. ಬೇಗ ಬೇಗ ಮಾತಾಡಿ ಮುಗಿಸ್ರಿ!" ಎಂದು ಅತ್ತೆ ಕೂಗಿದರು. ಕೇಳುವವರು ಯಾರು?

ಮಾವನವರು ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿ, ಎರಡೂ ಅಂಗೈಗಳನ್ನು ಬಾಯಿಯ ಹತ್ತಿರ ತಂದು ಹೂವಿನಂತೆ ಬಿಚ್ಚಿದರು. ಐದೂ ಜನ ಸದ್ದಿಲ್ಲದೆ ಅಲ್ಲಾಡಿ ಅಲ್ಲಾಡಿ ನಕ್ಕರು.

"ಶೈಲಾ, ಅದು ನನ್ನ ಬಗ್ಗೆ ತಾನೆ? ಏನದು?"

ನಾನು ಸೆರಗನ್ನು ಬಾಯಿಗೆ ಹಿಡಿದೆ. "ದೀಪ ಅಂತೆ, ಅತ್ತೆ."

ಅತ್ತೆ ಲಾಟೀನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮತ್ತಷ್ಟು ಮೇಲೆ ಎತ್ತಿದರು. ಗಂಡನ ಮುಖವನ್ನೂ ನನ್ನ ಮುಖವನ್ನೂ ಸರದಿಯಲ್ಲಿ ನೋಡಿದರು.

"ದೀಪಕ್ಕೆ ಅಷ್ಟು ದೊಡ್ಡ ಬಾಯಿ ಯಾಕೆ?"